ಜಮ್ಮಾ ಭೂಮಿಯಿಂದ ಪಿಂಚಣಿಯವರೆಗೆ: ಕೊಡಗಿನ ಸೈನಿಕ ಮತ್ತು ತೆರಿಗೆ

(ಕಕ್ಕಬೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ದತ್ತಿ ಉಪನ್ಯಾಸವೆಂದರೆ ಸಾಹಿತ್ಯವನ್ನೋ ಚರಿತ್ರೆಯನ್ನೋ ಆರಿಸಿಕೊಳ್ಳುವುದು ರೂಢಿ. ಈ ದತ್ತಿಯ ದಾನಿಗಳು ಮಾತ್ರ, ಮಾಜಿ ಸೈನಿಕರ ಮನೆಗಳಿಗೆ ನೇರವಾಗಿ ಉಪಯೋಗಕ್ಕೆ ಬರುವ ವಿಷಯ ಬೇಕೆಂದು ಬಯಸಿದರು. ಅದಕ್ಕಾಗಿ ಸೈನಿಕನ ಪಿಂಚಣಿ ಮತ್ತು ಆದಾಯ ತೆರಿಗೆ ಎಂಬ ವಿಷಯವನ್ನು ಎತ್ತಿಕೊಂಡಿದ್ದೇನೆ. ನಾನು ಹೇಳಬೇಕೆಂದಿರುವುದು ಇಷ್ಟು: ಪಿಂಚಣಿ ಸೈನಿಕನು ದುಡಿದ ಸಂಬಳದ್ದೇ ಉಳಿದ ಭಾಗ. ಅದರ ಮೇಲೆ ತೆರಿಗೆ ಹಾಕುವ ಅಧಿಕಾರ ಸರ್ಕಾರಕ್ಕಿದೆ. ಯಾವ ಪಿಂಚಣಿಗೆ ತೆರಿಗೆ ಇಲ್ಲ ಎಂಬುದನ್ನು ಆ ಸೈನಿಕನಿಗೆ, ಅವನ ನಂತರ ಅವನ ಮನೆಯವರಿಗೆ ತಿಳಿಸಿ ಹೇಳುವ ಹೊಣೆಯೂ ಅದೇ ಸರ್ಕಾರದ್ದು. ಈ ಹೊಣೆ ಇನ್ನೂ ಪೂರ್ತಿಯಾಗಿ ನೆರವೇರಿಲ್ಲ.

ಅರ್ಧ ಕಂದಾಯದ ಒಪ್ಪಂದ

ಕೊಡಗಿನಲ್ಲಿ ಸೈನಿಕ ಸೇವೆಗೂ ತೆರಿಗೆಗೂ ಇರುವ ನಂಟು ಆದಾಯ ತೆರಿಗೆಗಿಂತ ಹಳೆಯದು. ಇಲ್ಲಿಗೆ ಸಮೀಪದ ಯವಕಪಾಡಿಯಲ್ಲಿ ದೊಡ್ಡವೀರರಾಜೇಂದ್ರ ನಾಲ್ಕುನಾಡು ಅರಮನೆಯನ್ನು ಕಟ್ಟಿಸಿದ್ದು ಹದಿನೆಂಟನೆಯ ಶತಮಾನದ ಕೊನೆಯಲ್ಲಿ, ಟಿಪ್ಪುವಿನೊಡನೆ ಯುದ್ಧಗಳು ನಡೆಯುತ್ತಿದ್ದ ಕಾಲದಲ್ಲಿ. ಆತನ ಹಾಲೇರಿ ವಂಶದ ಅರಸರಿಗೆ ವರ್ಷವಿಡೀ ಸಂಬಳ ಕೊಟ್ಟು ದೊಡ್ಡ ಸೈನ್ಯವನ್ನು ಸಾಕುವ ಶಕ್ತಿ ಇರಲಿಲ್ಲ. ಕರೆ ಬಂದಾಗ ಕೋವಿ ಕತ್ತಿ ಹಿಡಿದು ಬರುವ, ಉಕ್ಕಡಗಳಲ್ಲಿ ಕಾವಲು ನಿಲ್ಲುವ ಮನೆತನಗಳ ಮೇಲೆ ರಾಜ್ಯ ನಿಂತಿತ್ತು. ಆ ಸೇವೆಗೆ ಪ್ರತಿಯಾಗಿ ಸಿಕ್ಕದ್ದು ಜಮ್ಮಾ ಹಕ್ಕು. ಸಾಮಾನ್ಯ ಕಂದಾಯದ ‘ಸಾಗು’ ಭೂಮಿಗೆ ನೂರು ಭಟ್ಟಿಗೆ (ಭಟ್ಟಿ ಅಂದಿನ ಭೂಮಿಯ ಅಳತೆ) 10 ರೂಪಾಯಿ ಕಂದಾಯವಾದರೆ ಜಮ್ಮಾ ಭೂಮಿಗೆ 5 ರೂಪಾಯಿ. ಭೂಮಿ ವಂಶಪಾರಂಪರ್ಯವಾಗಿ ಒಕ್ಕದ, ಅಂದರೆ ಮನೆತನದ, ಕೈಯಲ್ಲಿ ಉಳಿಯುತ್ತಿತ್ತು. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡ ಮೇಲೂ ಈ ಏರ್ಪಾಡನ್ನು ಕಿತ್ತುಹಾಕಲಿಲ್ಲ.

ಈ ಅರ್ಧ ಕಂದಾಯವನ್ನು ಯಾರೂ ಅರಸನ ಕೃಪೆಯೆಂದು ತಿಳಿದಿರಲಿಲ್ಲ. ಅದು ಕೂಲಿ. ಹಣದ ರೂಪದಲ್ಲಿ ಕೈಗೆ ಬರುವ ಬದಲು, ಕೊಡಬೇಕಾದ ಹಣದಲ್ಲಿ ಕಡಿತವಾಗಿ ಬರುತ್ತಿತ್ತು. ಯಾರ ಭೂಮಿ ಜಮ್ಮಾ, ಯಾಕೆ ಜಮ್ಮಾ ಎಂಬುದು ಇಡೀ ನಾಡಿಗೆ ಗೊತ್ತಿತ್ತು. ರಿಯಾಯಿತಿಯೂ ಅದರ ಕಾರಣವೂ ಒಟ್ಟಿಗೇ ದಾಖಲಾಗಿದ್ದವು. ಇಂದಿನ ವ್ಯವಸ್ಥೆಯನ್ನು ಅಳೆಯಲು ನಾನು ಬಳಸುವ ಅಳತೆಗೋಲು ಇದೇ.

ಯಾರ ತೆರಿಗೆ, ಯಾರ ಅಧಿಕಾರ

ಪಿಂಚಣಿಗೆ ತೆರಿಗೆ ಹಾಕುವ ಅಧಿಕಾರ ಯಾರದು ಎಂಬುದಕ್ಕೆ ಮೊದಲು ಹೊರಗಿನ ಒಂದು ಹೋಲಿಕೆ ನೋಡೋಣ. ಅಮೆರಿಕದಲ್ಲಿ ಒಕ್ಕೂಟ ಸರ್ಕಾರ ಆದಾಯ ತೆರಿಗೆ ವಿಧಿಸುತ್ತದೆ. ಹೆಚ್ಚಿನ ರಾಜ್ಯಗಳು ತಮ್ಮದೇ ಆದಾಯ ತೆರಿಗೆಯನ್ನೂ ವಿಧಿಸುತ್ತವೆ. ಟೆಕ್ಸಾಸ್, ಫ್ಲಾರಿಡಾದಂಥ ಕೆಲವು ರಾಜ್ಯಗಳಲ್ಲಿ ಅಂಥ ತೆರಿಗೆ ಇಲ್ಲ. ಹೀಗಾಗಿ ನಿವೃತ್ತ ಸೈನಿಕ ಯಾವ ರಾಜ್ಯದಲ್ಲಿ ಮನೆ ಮಾಡುತ್ತಾನೆ ಎಂಬುದರ ಮೇಲೆ ಅವನ ತೆರಿಗೆ ನಿಲ್ಲುತ್ತದೆ. ಕಾನ್ಸಾಸ್ ರಾಜ್ಯ ಒಮ್ಮೆ ತನ್ನ ಸರ್ಕಾರಿ ನೌಕರರ ಪಿಂಚಣಿಗೆ ವಿನಾಯಿತಿ ಕೊಟ್ಟು ಸೈನಿಕರ ಪಿಂಚಣಿಗೆ ಮಾತ್ರ ತೆರಿಗೆ ಹಾಕುತ್ತಿತ್ತು. ನಿವೃತ್ತ ಸೈನಿಕನನ್ನು ಮತ್ತೆ ಸೇವೆಗೆ ಕರೆಯಬಹುದು, ಆದ್ದರಿಂದ ಅವನ ಪಿಂಚಣಿ ಈಗಿನ ಸೇವೆಯ ಸಂಬಳವಿದ್ದಂತೆ ಎಂಬುದು ರಾಜ್ಯದ ವಾದ. 1992ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಸೈನಿಕನ ಪಿಂಚಣಿ ಹಿಂದೆ ಸಲ್ಲಿಸಿದ ಸೇವೆಗೆ ತಡವಾಗಿ ಸಿಗುವ ವೇತನ, ಆದ್ದರಿಂದ ಈ ಭೇದ ಸಲ್ಲದು ಎಂದಿತು. ಅದಕ್ಕೆ ಹತ್ತು ವರ್ಷ ಮೊದಲು, 1982ರ ಡಿಸೆಂಬರ್ 17ರಂದು, ಡಿ.ಎಸ್. ನಾಕರಾ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದೇ ನಿಲುವು ತಳೆದಿತ್ತು: ಪಿಂಚಣಿ ಸರ್ಕಾರದ ಕೃಪೆಯಲ್ಲ, ದುಡಿದವನ ಹಕ್ಕು. ದೇಶದ ಪಿಂಚಣಿದಾರರು ಡಿಸೆಂಬರ್ 17ನ್ನು ತಮ್ಮ ದಿನವಾಗಿ ಆಚರಿಸುವುದು ಈ ಕಾರಣಕ್ಕೆ.

ಭಾರತದಲ್ಲಿ ಪಿಂಚಣಿಯ ಮೇಲೆ ರಾಜ್ಯ ಸರ್ಕಾರ ಆದಾಯ ತೆರಿಗೆ ಹಾಕುವಂತಿಲ್ಲ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಕೃಷಿಯೇತರ ಆದಾಯದ ಮೇಲಿನ ತೆರಿಗೆ ಕೇಂದ್ರ ಪಟ್ಟಿಯ 82ನೆಯ ಬಾಬ್ತು, ಕೃಷಿ ಆದಾಯದ ಮೇಲಿನ ತೆರಿಗೆ ರಾಜ್ಯ ಪಟ್ಟಿಯ 46ನೆಯ ಬಾಬ್ತು. ರಾಜ್ಯಕ್ಕೆ ವೃತ್ತಿ ತೆರಿಗೆಯ ಅಧಿಕಾರವಿದೆ, ಆದರೆ 276ನೆಯ ವಿಧಿಯ ಪ್ರಕಾರ ವರ್ಷಕ್ಕೆ 2,500 ರೂಪಾಯಿ ಅದರ ಮಿತಿ. ಅದು ಬೀಳುವುದು ದುಡಿಮೆಯ ಮೇಲೆ, ಪಿಂಚಣಿಯ ಮೇಲಲ್ಲ.

ಆದರೂ ಕೊಡಗಿನ ಸೈನಿಕನಿಗೆ ಎರಡು ಸರ್ಕಾರಗಳ ಆದಾಯ ತೆರಿಗೆಯ ಅನುಭವ ಇಲ್ಲದಿಲ್ಲ. ಕೊಡಗು ‘ಸಿ’ ವರ್ಗದ ರಾಜ್ಯವಾಗಿದ್ದಾಗ, 1951ರಲ್ಲಿ, ಇಲ್ಲಿಗೆಂದೇ ಕೃಷಿ ಆದಾಯ ತೆರಿಗೆ ಕಾಯಿದೆ ಬಂತು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದೊಡನೆ ಸೇರಿದ ಮೇಲೆ 1957ರ ಮೈಸೂರು ಕಾಯಿದೆ ಆ ಜಾಗಕ್ಕೆ ಬಂತು. ಸೇನೆಯಿಂದ ಬಂದು ಕಾಫಿ ತೋಟ ನೋಡಿಕೊಂಡಿದ್ದ ಅಂದಿನ ತಲೆಮಾರು ಪಿಂಚಣಿಯ ಲೆಕ್ಕವನ್ನು ಕೇಂದ್ರದ ಕಚೇರಿಗೂ ಕಾಫಿಯ ಲೆಕ್ಕವನ್ನು ರಾಜ್ಯದ ಕಚೇರಿಗೂ ಕೊಡಬೇಕಿತ್ತು. ಪಿಂಚಣಿ ಮತ್ತು ಕಾಫಿಯ ಈ ಜೋಡಿ ಇಂದಿಗೂ ಮುಗಿದಿಲ್ಲ. ಅದಕ್ಕೆ ಮುಂದೆ ಬರುತ್ತೇನೆ.

ಪಿಂಚಣಿ ಒಂದೇ ಬಗೆಯದಲ್ಲ

ನಾನು ಹೇಳುವ ಅಂಕಿಗಳು 2025-26ರ ಹಣಕಾಸು ವರ್ಷದವು, ಅಂದರೆ 1961ರ ಆದಾಯ ತೆರಿಗೆ ಕಾಯಿದೆಯವು. 2026ರ ಏಪ್ರಿಲ್ 1ರಿಂದ ಆ ಜಾಗದಲ್ಲಿ 2025ರ ಕಾಯಿದೆ, ಅದರಲ್ಲಿ ಕಲಂಗಳ ಸಂಖ್ಯೆಗಳು ಬೇರೆ. ಆಯಾ ವರ್ಷದ ನಿಯಮವನ್ನು ಆಯಾ ವರ್ಷ ನೋಡಿಕೊಳ್ಳಬೇಕು.

ಮೊದಲನೆಯದು ಸಾಮಾನ್ಯ ನಿವೃತ್ತಿ ಪಿಂಚಣಿ. ಇದನ್ನು ಕಾಯಿದೆ ಸಂಬಳವೆಂದೇ ಎಣಿಸುತ್ತದೆ, ಪೂರ್ತಿ ತೆರಿಗೆಗೆ ಒಳಪಡಿಸುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿ 75,000, ಹಳೆಯ ಪದ್ಧತಿಯಲ್ಲಿ 50,000 ರೂಪಾಯಿ ಪ್ರಮಾಣಿತ ಕಡಿತ ಸಿಗುತ್ತದೆ. ನಿವೃತ್ತಿಯ ಹೊತ್ತಿಗೆ ಒಟ್ಟಾಗಿ ಬರುವ ಗ್ರಾಚ್ಯುಟಿಗೆ, ರಜೆಯ ನಗದಿಗೆ, ಕಮ್ಯುಟೇಷನ್ ಹಣಕ್ಕೆ ತೆರಿಗೆ ಇಲ್ಲ.

ಕಮ್ಯುಟೇಷನ್, ಅಂದರೆ ಪಿಂಚಣಿಯ ಒಂದು ಭಾಗವನ್ನು ಬಿಟ್ಟುಕೊಟ್ಟು ಅದರ ಬದಲಿಗೆ ಒಟ್ಟು ಮೊತ್ತ ಪಡೆಯುವುದು, ಹಲವರಿಗೆ ಗೊಂದಲದ ವಿಷಯವಾದ್ದರಿಂದ ಒಂದು ಪಿಂಚಣಿ ಪಾವತಿ ಆದೇಶವನ್ನು, ನಾವೆಲ್ಲ ಪಿಪಿಒ ಎನ್ನುವ ಕಾಗದವನ್ನು, ಸಾಲು ಸಾಲಾಗಿ ನೋಡೋಣ. ಒಬ್ಬ ಸುಬೇದಾರರ ಮೂಲ ಪಿಂಚಣಿ ತಿಂಗಳಿಗೆ 30,000 ರೂಪಾಯಿ ಎಂದಿಟ್ಟುಕೊಳ್ಳಿ. ಸೇನೆಯವರು ಅರ್ಧದವರೆಗೆ ಕಮ್ಯುಟ್ ಮಾಡಬಹುದು. ಅವರು ಅರ್ಧವನ್ನೂ ಮಾಡಿದರೆ ಒಟ್ಟಾಗಿ ಒಂದು ಮೊತ್ತ ಕೈಗೆ ಬರುತ್ತದೆ, ಅದು ತೆರಿಗೆಮುಕ್ತ. ತಿಂಗಳ ಮೂಲ ಪಿಂಚಣಿ 15,000ಕ್ಕೆ ಇಳಿಯುತ್ತದೆ. ತುಟ್ಟಿಭತ್ಯೆಯನ್ನು ಮಾತ್ರ ಪೂರ್ತಿ 30,000ದ ಮೇಲೆಯೇ ಲೆಕ್ಕ ಹಾಕುತ್ತಾರೆ. 2025ರ ಜುಲೈಯಿಂದ ಜಾರಿಯಾದ ದರ ಶೇ. 58, ಅದರಂತೆ 17,400. ತಿಂಗಳಿಗೆ 32,400 ಬರುತ್ತದೆ, ತೆರಿಗೆಯ ಲೆಕ್ಕಕ್ಕೆ ಹೋಗುವುದೂ ಅಷ್ಟೇ. 15 ವರ್ಷಗಳ ನಂತರ ಕಡಿತವಾಗಿದ್ದ ಭಾಗ ಮತ್ತೆ ಸೇರುತ್ತದೆ. ಅಂದಿನಿಂದ ಪೂರ್ತಿ ಪಿಂಚಣಿ ತೆರಿಗೆಯ ಲೆಕ್ಕಕ್ಕೆ ಬರುತ್ತದೆ.

ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆ ಇಲ್ಲ, ಒಟ್ಟು ಆದಾಯ 12 ಲಕ್ಷ ಮೀರದಿದ್ದರೆ 87ಎ ರಿಬೇಟಿನಿಂದ ಬಂದ ತೆರಿಗೆಯೂ ಸೊನ್ನೆಯಾಗುತ್ತದೆ. ಹಾಗಾಗಿ ಪಿಂಚಣಿಯೊಂದೇ ಆದಾಯವಾಗಿರುವ ಸಿಪಾಯಿ, ಹವಾಲ್ದಾರ್, ಸುಬೇದಾರರಿಗೆ ಆ ವರ್ಷ ಕಟ್ಟಬೇಕಾದ ತೆರಿಗೆ ಇರುವುದಿಲ್ಲ. ಆದರೆ ತೆರಿಗೆ ಇಲ್ಲವೆಂದ ಮಾತ್ರಕ್ಕೆ ರಿಟರ್ನ್ ಬೇಡವೆಂದಲ್ಲ. ಆದಾಯ 4 ಲಕ್ಷ ದಾಟಿದರೆ ರಿಟರ್ನ್ ಸಲ್ಲಿಸಲೇಬೇಕು.

ಸಿಪಾಯಿಯಾಗಿ ಸೇರಿದವರು ಇನ್ನೂ ಗಟ್ಟಿಮುಟ್ಟಾಗಿರುವ ವಯಸ್ಸಿನಲ್ಲೇ ಊರಿಗೆ ಬರುತ್ತಾರೆ. ಬ್ಯಾಂಕಿನ ಕಾವಲು, ಡಿಎಸ್‌ಸಿ (ರಕ್ಷಣಾ ಭದ್ರತಾ ದಳ), ಖಾಸಗಿ ಸಂಸ್ಥೆ ಎಂದು ಎರಡನೆಯ ಕೆಲಸ ಹಿಡಿಯುತ್ತಾರೆ. ಪಿಂಚಣಿ ಕೊಡುವವರು ತಮ್ಮಷ್ಟಕ್ಕೆ, ಸಂಬಳ ಕೊಡುವವರು ತಮ್ಮಷ್ಟಕ್ಕೆ ತೆರಿಗೆ ಲೆಕ್ಕ ಹಾಕುತ್ತಾರೆ. ಇಬ್ಬರೂ ಪ್ರಮಾಣಿತ ಕಡಿತ ಕೊಟ್ಟಿರುತ್ತಾರೆ, ಇಬ್ಬರೂ ರಿಬೇಟ್ ಕೊಟ್ಟಿರುತ್ತಾರೆ. ಕಾಯಿದೆಯಲ್ಲಿ ಎರಡಕ್ಕೂ ಸೇರಿ ಒಂದೇ ಕಡಿತ, ಒಂದೇ ರಿಬೇಟ್. ವರ್ಷದ ಕೊನೆಗೆ ಬಾಕಿ ಎದುರಾಗುವುದು ಹೀಗೆ. ಹೊಸ ಕೆಲಸಕ್ಕೆ ಸೇರಿದ ದಿನವೇ ಪಿಂಚಣಿಯ ವಿವರವನ್ನು ಅಲ್ಲಿ ತಿಳಿಸಿಬಿಟ್ಟರೆ ತೆರಿಗೆ ತಿಂಗಳು ತಿಂಗಳು ಹಂಚಿಹೋಗುತ್ತದೆ.

ಎರಡನೆಯದು ಕುಟುಂಬ ಪಿಂಚಣಿ. ಯಜಮಾನರು ತೀರಿಕೊಂಡ ಮೇಲೆ ಮಡದಿಗೆ ಬರುವ ಈ ಹಣವನ್ನು ಕಾಯಿದೆ ‘ಇತರ ಮೂಲಗಳ ಆದಾಯ’ ಎನ್ನುತ್ತದೆ. ಪ್ರಮಾಣಿತ ಕಡಿತ ಇಲ್ಲಿಗೆ ಅನ್ವಯಿಸುವುದಿಲ್ಲ. ಪಿಂಚಣಿಯ ಮೂರನೆಯ ಒಂದು ಭಾಗ ಅಥವಾ 25,000 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಕಡಿತ ಹೊಸ ಪದ್ಧತಿಯಲ್ಲಿ ಸಿಗುತ್ತದೆ. ಹಳೆಯದರಲ್ಲಿ ಮಿತಿ 15,000. ಕುಟುಂಬ ಪಿಂಚಣಿಯಿಂದ ಟಿಡಿಎಸ್ ಕತ್ತರಿಸುವ ನಿಯಮವಿಲ್ಲ. ಮೇಲುನೋಟಕ್ಕೆ ಇದು ಅನುಕೂಲ. ಶಿಕ್ಷಕಿಯಾಗಿ ದುಡಿಯುವ, ಅಥವಾ ತನ್ನ ಹೆಸರಿನ ಠೇವಣಿಗೆ ಬಡ್ಡಿ ಪಡೆಯುವ ತಾಯಿಗೆ ಮಾತ್ರ ಇದೇ ತೊಡಕು. ಯಾರೂ ತೆರಿಗೆ ಕತ್ತರಿಸಿಲ್ಲವಾದ್ದರಿಂದ ತೆರಿಗೆಯೇ ಇಲ್ಲವೆಂದು ಆಕೆ ನಂಬಿರುತ್ತಾಳೆ. ಕೆಲವು ವರ್ಷಗಳ ನಂತರ ಬಡ್ಡಿ ಸಮೇತ ನೋಟಿಸ್ ಬರುತ್ತದೆ.

ಮೂರನೆಯದು ಶೌರ್ಯ ಪದಕ ಪಡೆದವರ ಪಿಂಚಣಿ. ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ ಅಥವಾ ಸರ್ಕಾರ ಅಧಿಸೂಚಿಸಿದ ಇತರ ಶೌರ್ಯ ಪ್ರಶಸ್ತಿ ಪಡೆದವರ ಪೂರ್ತಿ ಪಿಂಚಣಿಗೆ 10(18)ನೆಯ ಕಲಂ ವಿನಾಯಿತಿ ಕೊಡುತ್ತದೆ. ಅವರ ಕುಟುಂಬ ಪಿಂಚಣಿಗೂ ಕೊಡುತ್ತದೆ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯನವರು 1965ರ ಸೆಪ್ಟೆಂಬರ್ 7ರಂದು ಸರ್ಗೋಧಾದ ಮೇಲಿನ ದಾಳಿಯಲ್ಲಿ ಹೋರಾಡಿ ಮಡಿದರು. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಆ ಗೌರವ ಮನೆಯವರನ್ನು ತಲುಪಲು ಎರಡು ದಶಕಕ್ಕೂ ಮಿಕ್ಕಿ ಹಿಡಿಯಿತು. ಪದಕಕ್ಕೇ ಇಷ್ಟು ಕಾಲ ಹಿಡಿದಾಗ ಪದಕದ ಜೊತೆಗೆ ಬರುವ ಹಕ್ಕುಗಳನ್ನು ಯಾರು ನೆನಪಿಸುತ್ತಾರೆ ಎಂದು ಯೋಚಿಸಿ.

ನಾಲ್ಕನೆಯದು ಕರ್ತವ್ಯದ ಕಾರ್ಯಾಚರಣೆಯಲ್ಲಿ ಪ್ರಾಣ ಕೊಟ್ಟವರ ಕುಟುಂಬ ಪಿಂಚಣಿ. 10(19)ನೆಯ ಕಲಮಿನಡಿ ಇದಕ್ಕೆ ಪೂರ್ತಿ ವಿನಾಯಿತಿಯಿದೆ, ಪದಕ ಬಂದಿರಲೇಬೇಕೆಂದಿಲ್ಲ. ಯಾವ ಸಂದರ್ಭಗಳು ಎಂಬುದನ್ನು 2ಬಿಬಿಎ ನಿಯಮ ಪಟ್ಟಿ ಮಾಡಿದೆ: ಶತ್ರುವಿನ ದಾಳಿ, ಗಡಿಯ ಚಕಮಕಿ, ಭಯೋತ್ಪಾದಕರ ಹಿಂಸೆ, ನೆಲಬಾಂಬ್ ಹುಗಿಯುವ ಅಥವಾ ತೆಗೆಯುವ ಕೆಲಸ, ಪ್ರಕೃತಿ ವಿಕೋಪದ ರಕ್ಷಣಾ ಕಾರ್ಯ, ವಿಶ್ವಸಂಸ್ಥೆಯ ಶಾಂತಿಪಾಲನೆಯ ಕಾರ್ಯಾಚರಣೆ. ಶಾಂತಿಪಾಲನೆಗೂ ಕೊಡಗಿಗೂ ಇರುವ ನಂಟನ್ನು ನಿಮಗೆ ಹೇಳಬೇಕಿಲ್ಲ. ಕೊಡಗಿನವರೇ ಆದ ಜನರಲ್ ತಿಮ್ಮಯ್ಯನವರು 1965ರ ಡಿಸೆಂಬರ್‌ನಲ್ಲಿ ಕೊನೆಯುಸಿರೆಳೆದದ್ದು ಸೈಪ್ರಸ್‌ನಲ್ಲಿ, ವಿಶ್ವಸಂಸ್ಥೆಯ ಪಡೆಯ ದಂಡನಾಯಕರಾಗಿದ್ದಾಗಲೇ. ಹೊಸ ತೆರಿಗೆ ಪದ್ಧತಿಯಲ್ಲಿದ್ದರೂ 10(18), 10(19)ನೆಯ ಕಲಂಗಳ ಈ ಎರಡು ವಿನಾಯಿತಿಗಳು ಉಳಿಯುತ್ತವೆ.

ಐದನೆಯದು ಅಂಗವೈಕಲ್ಯ ಪಿಂಚಣಿ. ಇಲ್ಲಿ ವಿವಾದವಿದೆ, ನನ್ನ ನೋವೂ ಇದೆ. ಸೇನೆಯವರ ಅಂಗವೈಕಲ್ಯ ಪಿಂಚಣಿಗೆ ತೆರಿಗೆ ವಿನಾಯಿತಿ ಸಿಕ್ಕದ್ದು 1922ರ ಮಾರ್ಚ್ 21ರ ಅಧಿಸೂಚನೆಯಿಂದ. ಆ ಪಿಂಚಣಿಯ ಭಾಗಗಳಾದ ಸೇವಾಂಶ, ವೈಕಲ್ಯಾಂಶ ಎರಡಕ್ಕೂ ವಿನಾಯಿತಿ ಅನ್ವಯಿಸುತ್ತದೆ ಎಂದು 2001ರ ಜುಲೈ 2ರ ಸೂಚನೆಯಲ್ಲಿ ಕೇಂದ್ರ ನೇರ ತೆರಿಗೆ ಮಂಡಳಿ ತಿಳಿಸಿತು. 2019ರ ಜೂನ್ 24ರ ಸುತ್ತೋಲೆಯಲ್ಲಿ ಅದೇ ಮಂಡಳಿ, ಗಾಯ ಅಥವಾ ಕಾಯಿಲೆಯ ಕಾರಣದಿಂದ ಸೇವೆಯಿಂದ ಬಿಡುಗಡೆಯಾದವರಿಗೆ ಮಾತ್ರ ಈ ವಿನಾಯಿತಿ, ಅವಧಿ ಮುಗಿಸಿ ನಿವೃತ್ತರಾದವರಿಗೆ ಇಲ್ಲ ಎಂದಿತು. ವಿಷಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು.

ದುರುಪಯೋಗ ತಡೆಯಬೇಕು ಎಂಬುದು ಸರ್ಕಾರದ ಪರವಾಗಿ ಕೇಳಿಬರುವ ವಾದ. ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಫಿರಂಗಿಯ ಸದ್ದಿಗೆ ಕಿವಿ ಕಳೆದುಕೊಂಡೂ, ಹಿಮದಲ್ಲಿ ಕಾಲಿನ ಬೆರಳು ಕಳೆದುಕೊಂಡೂ, ದಳದ ಜೊತೆ ನಿಂತು ಅವಧಿ ಪೂರೈಸಿದವನ ಗಾಯ ಚಿಕ್ಕದಾಗುವುದು ಹೇಗೆ? ಬೇಗ ಹೊರಬಂದವನಿಗೆ ವಿನಾಯಿತಿ, ನೋವು ನುಂಗಿ ಉಳಿದವನಿಗೆ ತೆರಿಗೆ ಎಂದಾಗ ನಿಷ್ಠೆಗೇ ದಂಡ ಹಾಕಿದಂತಾಗುತ್ತದೆ. ಗಾಯ ನಿಜವೇ, ಸೇವೆಯಿಂದ ಆದದ್ದೇ ಎಂದು ತೀರ್ಮಾನಿಸುವ ಕೆಲಸ ವೈದ್ಯಕೀಯ ಮಂಡಳಿಯದು. ಬಿಗಿ ಬೇಕಾದರೆ ಅಲ್ಲಿ ಬಿಗಿ ಮಾಡಲಿ.

ಪಿಂಚಣಿಯ ಪಕ್ಕದಲ್ಲಿ ಕಾಫಿ

ಈಗ ಕಕ್ಕಬೆಯ ಮನೆಗಳಿಗೇ ವಿಶೇಷವಾದ ಲೆಕ್ಕಕ್ಕೆ ಬರೋಣ. ತಡಿಯಂಡಮೋಳಿನ ತಪ್ಪಲಿನ ಈ ಊರುಗಳಲ್ಲಿ ಪಿಂಚಣಿ ಬರುವ ಮನೆಗೆ ಸಾಮಾನ್ಯವಾಗಿ ಕಾಫಿಯೂ ಕರಿಮೆಣಸೂ ಇರುತ್ತವೆ. ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲ ಎಂಬುದು ಎಲ್ಲರ ಬಾಯಲ್ಲಿರುವ ಮಾತು. ಮಾತು ನಿಜ, ಆದರೆ ಅರ್ಧ ನಿಜ.

ಹಣ್ಣು ಕೊಯ್ದು ಕಣದಲ್ಲಿ ಒಣಗಿಸಿ ಚೆರ್ರಿಯಾಗಿಯೇ ಮಾರಿದರೆ ಬಂದದ್ದೆಲ್ಲ ಕೃಷಿ ಆದಾಯ. ಬೆಳೆಗಾರನೇ ಕ್ಯೂರಿಂಗ್ ಮಾಡಿಸಿ ಮಾರಿದರೆ 7ಬಿ ನಿಯಮದಂತೆ ಲಾಭದ ಶೇ. 25 ವ್ಯಾಪಾರದ ಆದಾಯವಾಗುತ್ತದೆ. ಹುರಿದು ಪುಡಿ ಮಾಡಿ ಮಾರಿದರೆ ಶೇ. 40. ತೋಟದ ನಡುವೆ ಹೋಮ್‌ಸ್ಟೇ ನಡೆಸಿದರೆ ಆ ಹಣ ಕೃಷಿಯದಲ್ಲ.

ಇನ್ನು ಕೃಷಿ ಆದಾಯವೇ ಆಗಿದ್ದರೂ ಅದು ಲೆಕ್ಕದಿಂದ ಪೂರ್ತಿ ಹೊರಗುಳಿಯುವುದಿಲ್ಲ. ಅರ್ಥಶಾಸ್ತ್ರಜ್ಞ ಕೆ.ಎನ್. ರಾಜ್ ಅವರ ಸಮಿತಿಯ 1972ರ ಶಿಫಾರಸಿನ ಬೆನ್ನಿಗೆ 1973ರಲ್ಲಿ ಒಂದು ನಿಯಮ ಬಂತು. ಕೃಷಿ ಆದಾಯ 5,000 ರೂಪಾಯಿ ಮೀರಿ, ಇತರ ಆದಾಯ ತೆರಿಗೆರಹಿತ ಮಿತಿಯನ್ನು ದಾಟಿದ್ದರೆ ಎರಡನ್ನೂ ಕೂಡಿಸಿ ತೆರಿಗೆಯ ದರ ನಿರ್ಧರಿಸಬೇಕು. ಒಬ್ಬ ನಿವೃತ್ತ ಕರ್ನಲ್ ಅವರ ಪಿಂಚಣಿ ವರ್ಷಕ್ಕೆ 15,75,000 ಎನ್ನಿ. ಕಡಿತದ ನಂತರ 15 ಲಕ್ಷ. ಅಷ್ಟಕ್ಕೇ ಆದರೆ ಹೊಸ ಪದ್ಧತಿಯಲ್ಲಿ ತೆರಿಗೆ 1,05,000. ಜೊತೆಗೆ ಕಾಫಿಯಿಂದ 10 ಲಕ್ಷ ನಿವ್ವಳ ಆದಾಯವಿದೆ. 25 ಲಕ್ಷಕ್ಕೆ ತೆರಿಗೆ ಹಾಕಿದರೆ 3,30,000. ಇದರಿಂದ 10 ಲಕ್ಷಕ್ಕೆ 4 ಲಕ್ಷ ಸೇರಿಸಿದ 14 ಲಕ್ಷದ ಮೇಲಿನ ತೆರಿಗೆ 90,000ವನ್ನು ಕಳೆಯಬೇಕು. ಉಳಿದದ್ದು 2,40,000, ಇದರ ಮೇಲೆ ಶೇ. 4 ಸೆಸ್. ಕಾಫಿಗೆ ನೇರವಾಗಿ ತೆರಿಗೆ ಬೀಳಲಿಲ್ಲ, ಆದರೆ ಕಾಫಿ ಇದ್ದದ್ದರಿಂದ ಪಿಂಚಣಿಯ ತೆರಿಗೆ 1,35,000 ರೂಪಾಯಿ ಹೆಚ್ಚಿತು. ಸುಬೇದಾರರ ಮನೆಯಲ್ಲಿ ಇದೇ ಕೂಡಿಕೆ ನಡೆದರೂ, ಕೃಷಿಯೇತರ ಆದಾಯ 12 ಲಕ್ಷದೊಳಗೆ ಇರುವುದರಿಂದ 60,000ದವರೆಗಿನ ತೆರಿಗೆಯನ್ನು ರಿಬೇಟ್ ಅಳಿಸುತ್ತದೆ. ಕೃಷಿ ಆದಾಯ 5,000 ಮೀರಿದವರು ‘ಸಹಜ್’ ಎಂಬ ಸರಳ ನಮೂನೆ ಬಳಸುವಂತಿಲ್ಲ ಎಂಬುದೂ ನೆನಪಿರಲಿ. ಪಿಂಚಣಿ ಮತ್ತು ಚೆರ್ರಿ ಕಾಫಿ ಮಾತ್ರ ಇರುವವರಿಗೆ ಐಟಿಆರ್-2.

ಇಲ್ಲಿ ಮತ್ತೆ ಜಮ್ಮಾ ಬರುತ್ತದೆ. ನಮ್ಮಲ್ಲಿ ಇಡೀ ಒಕ್ಕದ ಭೂಮಿ ಪಟ್ಟೇದಾರರ, ಅಂದರೆ ಒಕ್ಕದ ಹಿರಿಯ ಯಜಮಾನರ, ಹೆಸರಿನಲ್ಲಿರುವುದು ಹಳೆಯ ವಾಡಿಕೆ. ಪಟ್ಟೇದಾರರೇ ಪಿಂಚಣಿದಾರರಾಗಿದ್ದರೆ ಇಡೀ ತೋಟದ ಇಳುವರಿಯನ್ನು ಅವರೊಬ್ಬರ ಲೆಕ್ಕಕ್ಕೆ ಬರೆದುಬಿಡುವ ಅಪಾಯವಿದೆ. ಪಿಂಚಣಿ ಅವರ ಸ್ವಂತದ್ದು, ತೋಟದ ಆದಾಯ ಹಂಚಿಹೋಗುವಂಥದ್ದು. ಯಾರ ಪಾಲು ಎಷ್ಟು ಎಂಬುದನ್ನು ಅಣ್ಣತಮ್ಮಂದಿರು ಕೂತು ಬರೆದಿಟ್ಟುಕೊಳ್ಳಬೇಕು, ಮಾರಾಟದ ಹಣ ಆಯಾ ಪಾಲುದಾರರ ಖಾತೆಗೆ ಹೋಗುವಂತೆ ನೋಡಿಕೊಳ್ಳಬೇಕು.

ಬಾಕಿ ಹಣದ ಬಗ್ಗೆ ಒಂದು ಮಾತು. ಸಮಾನ ಶ್ರೇಣಿಗೆ ಸಮಾನ ಪಿಂಚಣಿಯ ಆದೇಶ 2015ರ ನವೆಂಬರ್‌ನಲ್ಲಿ ಹೊರಟಿತು, ಜಾರಿಯಾದದ್ದು 2014ರ ಜುಲೈ 1ರಿಂದ. ಆಮೇಲಿನ ಪರಿಷ್ಕರಣೆಗಳಲ್ಲೂ ಹಿಂದಿನ ವರ್ಷಗಳ ಬಾಕಿ ಒಟ್ಟಾಗಿ ಬಂತು. ಹೀಗೆ ಬಂದ ವರ್ಷ ಆದಾಯ ಉಬ್ಬಿ ತೆರಿಗೆ ಹೆಚ್ಚುತ್ತದೆ. 89ನೆಯ ಕಲಮಿನಲ್ಲಿ ಅದಕ್ಕೆ ಪರಿಹಾರವಿದೆ, ಕುಟುಂಬ ಪಿಂಚಣಿಗೂ ಇದೆ. ರಿಟರ್ನ್‌ಗೆ ಮೊದಲು ಆನ್‌ಲೈನಿನಲ್ಲಿ 10ಇ ನಮೂನೆಯನ್ನು ತುಂಬಿರಬೇಕು, ಅಷ್ಟೆ. ತುಂಬದಿದ್ದರೆ ಪರಿಹಾರ ಕೈತಪ್ಪುತ್ತದೆ.

ಆಗಬೇಕಾದ್ದು

ಇಷ್ಟೆಲ್ಲ ಹೇಳಿದ ಮೇಲೆ ಒಂದು ವಿಷಯ ಸ್ಪಷ್ಟವಾಗಿರಬೇಕು. ಕಾನೂನು ಸೈನಿಕನ ತ್ಯಾಗವನ್ನು ಮರೆತಿಲ್ಲ. ಮೇಲೆ ಹೇಳಿದ ವಿನಾಯಿತಿಗಳೇ ಸಾಕ್ಷಿ. ಆದರೆ ಅವುಗಳ ಲಾಭ ಕೇಳಿದವರಿಗೆ ಸಿಗುತ್ತದೆ, ಕೇಳಲು ಗೊತ್ತಿಲ್ಲದವರಿಗೆ ತಪ್ಪುತ್ತದೆ. ಗೊತ್ತಿಲ್ಲದವರು ಸಾಮಾನ್ಯವಾಗಿ ಯಾರು? ಹಳ್ಳಿಯ ಮನೆಯಲ್ಲಿ ಒಬ್ಬರೇ ಉಳಿದ ತಾಯಿ, ಗಾಯಗೊಂಡು ಬೇಗ ಹೊರಬಂದ ಸಿಪಾಯಿ. ಯಾರಿಗಾಗಿ ವಿನಾಯಿತಿ ಹುಟ್ಟಿತೋ ಅವರಿಗೇ ಅದು ದೂರ.

ಸರ್ಕಾರ ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಸೇನಾ ಪಿಂಚಣಿಯ ದಾಖಲೆಗಳು ಈಗ ಪ್ರಯಾಗ್‌ರಾಜ್‌ನ ಕಚೇರಿ ನಡೆಸುವ ‘ಸ್ಪರ್ಶ್’ ವ್ಯವಸ್ಥೆಯಲ್ಲಿವೆ. ಪಿಂಚಣಿ ಯಾವ ಬಗೆಯದು ಎಂಬುದು ಆ ದಾಖಲೆಗೇ ಗೊತ್ತು. ಹಾಗಿದ್ದ ಮೇಲೆ ಪ್ರತಿ ಪಿಪಿಒದ ಮೇಲೆ ‘ಈ ಪಿಂಚಣಿ ತೆರಿಗೆಗೆ ಒಳಪಟ್ಟಿದೆ’ ಅಥವಾ ‘ಇಂಥ ಕಲಮಿನಡಿ ತೆರಿಗೆಮುಕ್ತ’ ಎಂಬ ಒಂದು ಸಾಲನ್ನು ಪಿಂಚಣಿದಾರರ ಭಾಷೆಯಲ್ಲೇ ಅಚ್ಚು ಹಾಕಲಿ. ಕಾರ್ಯಾಚರಣೆಯಲ್ಲಿ ಮಡಿದವರ ಮನೆಗೆ ಬೇಕಾದ ಪ್ರಮಾಣಪತ್ರವನ್ನು ಪಿಪಿಒ ಜೊತೆಗೇ ಕಳಿಸಲಿ. ಮಡಿಕೇರಿಯ ಸೈನಿಕ ಕಲ್ಯಾಣ ಕಚೇರಿ ರಿಟರ್ನ್ ಸಲ್ಲಿಸುವ ತಿಂಗಳುಗಳಲ್ಲಿ ನಾಪೋಕ್ಲು, ಕಕ್ಕಬೆಯಂಥ ಊರುಗಳಿಗೆ ಬಂದು ಒಂದು ದಿನ ಕೂತರೆ ಬಹಳ ಜನಕ್ಕೆ ದಾರಿ ಸಿಗುತ್ತದೆ. ಲೆಕ್ಕಪತ್ರ ಕಲಿಯುತ್ತಿರುವ ಕಾಲೇಜು ಮಕ್ಕಳು ಆ ಕೆಲಸಕ್ಕೆ ಕೈ ಜೋಡಿಸಬಹುದು.

ಮನೆಯವರು ಮಾಡಬೇಕಾದದ್ದೂ ಇದೆ. ಪಿಪಿಒ, ಡಿಸ್ಚಾರ್ಜ್ ಪುಸ್ತಕ, ವೈದ್ಯಕೀಯ ಮಂಡಳಿಯ ವರದಿ, ಪದಕದ ಆದೇಶ, ಫಾರ್ಮ್ 16, ಇವೆಲ್ಲ ಒಂದೇ ಕಡೆ ಇರಲಿ; ಎಲ್ಲಿವೆ ಎಂಬುದು ಹೆಂಡತಿಗೂ ಮಕ್ಕಳಿಗೂ ಗೊತ್ತಿರಲಿ. ಯಜಮಾನರು ಇರುವಾಗಲೇ ಒಮ್ಮೆ ಎದುರಿಗೆ ಕೂತು ಸಾಲು ಸಾಲಾಗಿ ಓದಿ ಹೇಳಲಿ.

ಜಮ್ಮಾ ಪದ್ಧತಿಯನ್ನು ಮತ್ತೆ ತರಬೇಕೆಂದು ನಾನು ಹೇಳುತ್ತಿಲ್ಲ. ಅದರಲ್ಲಿದ್ದ ಒಂದು ಒಳ್ಳೆಯ ಗುಣವನ್ನು ಕೇಳುತ್ತಿದ್ದೇನೆ. ಅಂದು ರಿಯಾಯಿತಿ ಪಡೆದವನು ಅದನ್ನು ಹುಡುಕಿಕೊಂಡು ಹೋಗಬೇಕಿರಲಿಲ್ಲ, ರಾಜ್ಯವೇ ಅದನ್ನು ತನ್ನ ಲೆಕ್ಕದಲ್ಲಿ ಬರೆದಿಟ್ಟಿತ್ತು. ಇಂದಿನ ಗಣರಾಜ್ಯ ಅಷ್ಟನ್ನಾದರೂ ಮಾಡಬೇಕು. ಆ ಒಂದು ಸಾಲನ್ನು ಪಿಪಿಒದಲ್ಲಿ ಅಚ್ಚು ಹಾಕಿಸಲು ಇಲ್ಲಿಯ ಮಾಜಿ ಸೈನಿಕರು ಒಂದು ಮನವಿ ಬರೆದರೆ ಅದಕ್ಕೆ ಸಹಿ ಹಾಕುವವರಲ್ಲಿ ನಾನೂ ಒಬ್ಬ.